ಸರೋವರದ ಎರಡೂ ದಡದ ಬಂಧುಗಳೇ

ವಿಲೊಂಜಾ ಗಲ್ಲಕ್ಕೆ ಬಟ್ಟೆ ಕಟ್ಟಿಕೊಂಡಿದ್ದ. ಹಲ್ಲುನೋವಿನವರು ಕಟ್ಟಿಕೊಳ್ಳುವ ಹಾಗೆ, ಗದ್ದದ ಕೆಳಗಿನಿಂದ ಎಳೆದು ನೆತ್ತಿಯ ಮೇಲೆ ಗಂಟು. ಹಲ್ಲೇನೂ ನೋಯುತ್ತಿರಲಿಲ್ಲ. ಅವನ ಮುಖ ಉವಿರಾ ಊರಿನಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ, ದನಿ ಮಾತ್ರ ಎಲ್ಲರಿಗೂ ಗೊತ್ತಿತ್ತು. ಹನ್ನೊಂದು ವರ್ಷದಿಂದ ಬೆಳಿಗ್ಗೆ ಆರಕ್ಕೆ ಅವನು ರೇಡಿಯೊದಲ್ಲಿ ಬಾಯಿ ತೆರೆದ ಮೇಲೆಯೇ ಸರೋವರದ ಈ ದಡದಲ್ಲೂ ಆ ದಡದಲ್ಲೂ ಜನ ಒಲೆ ಹೊತ್ತಿಸುತ್ತಿದ್ದರು. ಯಾರು ಸತ್ತರು, ಯಾರ ಮೇಕೆ ತಪ್ಪಿಸಿಕೊಂಡಿತು, ಯಾವ ದೋಣಿ ಎಷ್ಟು ಹೊತ್ತಿಗೆ ಹೊರಡುತ್ತದೆ, ಎಲ್ಲ ಅವನ ಬಾಯಿಂದಲೇ ಬರಬೇಕು. ಆ ಬಾಯಿಯನ್ನೇ ಕಟ್ಟಿಕೊಂಡು ಅವನೀಗ ಕವಿಂವಿರಾ ಗಡಿಯ ಸಾಲಿನಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ, ಸಾವಿರಾರು ಜನರ ನಡುವೆ ನಿಂತಿದ್ದ. ಗೇಟು ದಾಟುವ ತನಕ ಒಂದು ಮಾತೂ ಆಡದಿದ್ದರೆ ಸಾಕು. ಆ ಕಡೆ ಬುರುಂಡಿಯ ಗತುಂಬಾದಲ್ಲಿ ಹೆಂಡತಿ ಫೈಡಾ ಇದ್ದಾಳೆ, ಮಕ್ಕಳಿಬ್ಬರು ಇದ್ದಾರೆ. ಅಲ್ಲಿಗೆ ಮುಟ್ಟಿದ ಮೇಲೆ ಜೀವಮಾನವಿಡೀ ಮೂಗನಾಗಿ ಇರಬೇಕಾಗಿ ಬಂದರೂ ಸರಿ ಎಂದುಕೊಂಡ.

ಸಾಲು ಹೆಜ್ಜೆ ಹೆಜ್ಜೆಯಾಗಿ ಜರುಗುತ್ತಿತ್ತು. ಹಿಂದಿದ್ದ ಹೆಂಗಸು ತಲೆಯ ಮೇಲಿನ ಗಂಟನ್ನು ಒಂದು ಕೈಯಿಂದ ಹಿಡಿದುಕೊಂಡೇ ಅವನ ಮುಖಕ್ಕೆ ಬಗ್ಗಿ ನೋಡಿ, “ಯಾವ ಹಲ್ಲಣ್ಣಾ? ದವಡೇದಾ?” ಎಂದಳು. ಅವನು ತಲೆಯಾಡಿಸಿದ. “ಅಯ್ಯೋ, ಇಂಥಾ ಹೊತ್ತಲ್ಲೇ ಬರ್ಬೇಕಾ ಅದು. ಉಪ್ಪು ಇದ್ದಿದ್ರೆ ಕೊಡ್ತಿದ್ದೆ. ಉಪ್ಪನ್ನೂ ಬಿಟ್ಟು ಬಂದೆ ನೋಡು.” ಮುಂದೆ ನಿಂತಿದ್ದ ದಪ್ಪನೆಯ ಮನುಷ್ಯ, ಕಂಕುಳಲ್ಲಿ ಕೋಳಿಯೊಂದನ್ನು ಇರುಕಿಕೊಂಡಿದ್ದವನು, ತಿರುಗಿ ನೋಡಿದ. “ಹಲ್ಲುನೋವಾ? ನನಗೆ ಆ ರೇಡಿಯೊದವನ ಹಲ್ಲು ಉದುರಿಸೋದಿದೆ. ಏನಂದ ಬುಧವಾರ? ಬಂಡುಕೋರರು ಇನ್ನೂ ದೂರ ಇದಾರೆ, ನಮ್ಮ ಸೈನ್ಯ ಅವರನ್ನ ತಡೆದಿದೆ, ಯಾರೂ ಮನೆ ಬಿಡ್ಬೇಡಿ ಅಂದ. ಜೇನು ಸುರಿದಂಗೆ ಅಂದ. ನಾನು ಕಟ್ಟಿದ ಗಂಟು ಬಿಚ್ಚಿ ಪಾತ್ರೆ ಪಗಡೆ ಎಲ್ಲಾ ಮತ್ತೆ ಜೋಡಿಸಿಟ್ಟೆ. ನನ್ನ ಹೆಂಡ್ತಿ ಮುದ್ದೆಗೆ ಹಿಟ್ಟೂ ಕಲಸಿದ್ಲು. ಮಾರನೇ ದಿನ ಕೈಗೆ ಸಿಕ್ಕಿದ್ದು ಈ ಕೋಳಿ ಒಂದೇ.” ಕೋಳಿ ಹೌದೆಂಬಂತೆ ಕತ್ತು ಕೊಂಕಿಸಿತು. ಹೆಂಗಸು ನಕ್ಕಳು. “ಪಾಪ, ಅವನೇನು ಮಾಡ್ತಾನೆ, ಬರ್ದುಕೊಟ್ಟಿದ್ದು ಓದ್ತಾನೆ.” “ಓದ್ಲಿ. ಕಣ್ಣಿಲ್ವಾ ಅವನಿಗೆ? ಇಲ್ಲಾ ಕಣ್ಣನ್ನೂ ಯಾರಾದ್ರೂ ಬರ್ದುಕೊಟ್ಟಿದ್ರಾ?” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ವಿಲೊಂಜಾನ ಕೈ ತಾನಾಗಿ ಗಲ್ಲದ ಬಟ್ಟೆಗೆ ಹೋಯಿತು. ಅದನ್ನು ನೋವಿನಂತೆ ಕಾಣಿಸಲು ಅವನು ಕಣ್ಣು ಮುಚ್ಚಿ ಮುಖ ಹಿಂಡಿದ. ಹೆಂಗಸು ಚ್ಚು ಚ್ಚು ಎಂದಳು. ಆ ಚ್ಚು ಚ್ಚು ಅವನಿಗೆ ಬೈಗುಳಕ್ಕಿಂತ ಕೆಟ್ಟದಾಗಿ ಕೇಳಿಸಿತು.

ಕಣ್ಣಿತ್ತು. ಕಣ್ಣಿದ್ದದ್ದೇ ತೊಂದರೆ. ಬುಧವಾರ ಬೆಳಿಗ್ಗೆ ಐದೂವರೆಗೆ ರೇಡಿಯೊ ಕಚೇರಿಯ ಮೆಟ್ಟಿಲು ಹತ್ತುವಾಗ ಕೆಳಗಿನ ರಸ್ತೆಯಲ್ಲಿ ಸೈನಿಕರ ಹೆಂಡಂದಿರು ದಕ್ಷಿಣಕ್ಕೆ ನಡೆಯುತ್ತಿದ್ದುದನ್ನು ಅವನು ನೋಡಿದ್ದ. ತಲೆಯ ಮೇಲೆ ಹಾಸಿಗೆ, ಬೆನ್ನಲ್ಲಿ ಕೂಸು, ಕೈಯಲ್ಲಿ ಕಾವಲಿ. ಉವಿರಾದಲ್ಲಿ ಹುಟ್ಟಿದ ಮಗುವಿಗೂ ಇದು ಗೊತ್ತು. ಸೇನಾಪತಿ ಏನೇ ಹೇಳಲಿ, ಸರಕಾರ ಏನೇ ಹೇಳಲಿ, ಸೈನಿಕನ ಹೆಂಡತಿ ಹಾಸಿಗೆ ಸುತ್ತಿದಳೆಂದರೆ ಊರು ಕೈಬಿಟ್ಟಿತು. ಅಪ್ಪ ಅದನ್ನು ಅವನಿಗೆ ಹೇಳಿಕೊಟ್ಟಿದ್ದ, ಅಪ್ಪನಿಗೆ ಅವರಪ್ಪ. ಹಾಸಿಗೆಗಳನ್ನು ನೋಡಿಯೇ ಅವನು ಮೆಟ್ಟಿಲು ಹತ್ತಿದ, ಯಂತ್ರದವನು ಆಗಲೇ ಓಡಿಹೋಗಿದ್ದರಿಂದ ತಾನೇ ಗುಂಡಿ ಒತ್ತಿದ, ಕೆಂಪು ದೀಪ ಹತ್ತಿತು. ಅದಕ್ಕೂ ಮುಂಚೆ, ಓದಬೇಕಾದ ಸುದ್ದಿ ಹಿಡಿದು ಸರಕಾರದ ಕಡೆಯಿಂದ ಬಂದವನು ಕೋವಿಯನ್ನೇನೂ ತೋರಿಸಲಿಲ್ಲ. ತೋರಿಸಿದ್ದರೆ ಚೆನ್ನಾಗಿತ್ತು ಎಂದು ಎರಡು ದಿನದಿಂದ ಅನ್ನಿಸುತ್ತಿದೆ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ ಆ ಮನುಷ್ಯ ಕಾಗದವನ್ನು ಮೇಜಿನ ಮೇಲೆ ಸರಿಸಿ, “ಫೈಡಾ ಚೆನ್ನಾಗಿದಾಳಾ? ಈಚೆಗೆ ಮಾರ್ಕೆಟ್ಟಲ್ಲಿ ಕಾಣ್ಲೇ ಇಲ್ಲ” ಎಂದ, ಅಷ್ಟೇ. ಫೈಡಾ ಸೋಮವಾರವೇ ಮಕ್ಕಳ ಜೊತೆ ಗಡಿ ದಾಟಿದ್ದಳು. ಅವನೇ ಕಳಿಸಿದ್ದ. ತಂಗಿಯ ಬಾಣಂತನಕ್ಕೆ ಹೋಗಿದ್ದಾಳೆ ಎಂದು ಓಣಿಗೆಲ್ಲ ಹೇಳಿದ್ದ. ಆ ಒಂದು ಪ್ರಶ್ನೆಗೆ ಅವನ ದನಿ ತಾನಾಗಿ ಸಿಹಿಯಾಯಿತು, ಎಂದಿಗಿಂತ ಚೆನ್ನಾಗಿ ಓದಿದ, ಓದುತ್ತ ಓದುತ್ತ ತನಗೇ ಒಂದು ಕ್ಷಣ ಧೈರ್ಯ ಬಂತು. ಜನರನ್ನು ನಂಬಿಸಿದ್ದು ಹೋಗಲಿ, ಓದುವಾಗ ಅವನಿಗೆ ಖುಷಿಯಾಗಿತ್ತು.

ಅವನ ಮನೆಯ ಬೇಲಿಯಾಚೆ ಇದ್ದದ್ದು ಮುಗಾಜನಮ್ಮನ ಮನೆ. ಅವಳ ಸ್ವಂತ ಹೆಸರು ವಿಲೊಂಜಾನಿಗೆ ಗೊತ್ತಿರಲಿಲ್ಲ, ಓಣಿಯಲ್ಲಿ ಯಾರಿಗೂ ಗೊತ್ತಿದ್ದಂತಿಲ್ಲ. ಹಿರಿಯ ಮಗ ಹುಟ್ಟಿದ ದಿನದಿಂದ ಅವಳು ಮುಗಾಜನಮ್ಮ. ಮುಗಾಜಾ ಬಾಡಿಗೆಗೆ ಬೈಕ್ ಓಡಿಸುತ್ತಿದ್ದ. ಮುಂದಿನ ಮಡ್‌ಗಾರ್ಡಿಗೆ ಹಳದಿ ಬಣ್ಣ ಬಳಿದು ಅದರ ಮೇಲೆ ‘ನಿಧಾನ, ಅಮ್ಮ ಕಾಯ್ತಿದಾಳೆ’ ಎಂದು ಬರೆಸಿಕೊಂಡಿದ್ದ, ಓಡಿಸುತ್ತಿದ್ದದ್ದು ಮಾತ್ರ ಹುಚ್ಚನ ಹಾಗೆ. ಬುಧವಾರ ಅವರು ಹೊರಟು ನಿಂತಿದ್ದರು. ಬೈಕಿಗೆ ಗಂಟು ಬಿಗಿದಾಗಿತ್ತು, ಮುದುಕಿ ಮೊಮ್ಮಗಳನ್ನು ಬೆನ್ನಿಗೆ ಕಟ್ಟಿಕೊಂಡಾಗಿತ್ತು. ವಿಲೊಂಜಾ ಕೆಲಸ ಮುಗಿಸಿ ಓಣಿಗೆ ತಿರುಗುವ ಹೊತ್ತಿಗೆ ಮುಗಾಜಾ ಗಂಟು ಇಳಿಸುತ್ತಿದ್ದ. “ಬಂದ್ರಾ ದೊಡ್ಡವ್ರು! ಕೇಳಿದ್ವಿ, ಕೇಳಿದ್ವಿ. ಅಮ್ಮ ಹೆದರ್ಕೊಂಡು ಕೂತಿದ್ಲು. ನಾನಂದೆ, ನಮ್ಮ ಪಕ್ಕದ್ಮನೆಯವ್ನೇ ಹೇಳಿದ್ಮೇಲೆ ಇನ್ನೇನು. ರೇಡಿಯೊ ಸುಳ್ಳಾಡ್ಬಹುದು, ವಿಲೊಂಜಾ ಸುಳ್ಳಾಡ್ತಾನಾ?” ಅವನು ಬೇಲಿಯ ಈಚೆ ನಿಂತು ನಕ್ಕಿದ್ದ. ಹೋಗಿ, ಈಗಲೇ ಹೋಗಿ ಎಂದು ಪಿಸುಗುಟ್ಟಲು ಮೂರು ಹೆಜ್ಜೆ ಸಾಕಿತ್ತು. ಆದರೆ ಹಾಗೆಂದರೆ ಫೈಡಾ ಎಲ್ಲಿ ಎಂಬುದನ್ನೂ ಹೇಳಬೇಕಾಗುತ್ತಿತ್ತು. ತನ್ನವರನ್ನು ದಾಟಿಸಿ ಊರವರನ್ನು ಕೂರಿಸಿದ ಎನ್ನಿಸಿಕೊಳ್ಳಬೇಕಾಗುತ್ತಿತ್ತು. “ಹೂಂ, ಏನೂ ಆಗಲ್ಲ” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬಾಗಿಲ ಹಿಂದೆ ನಿಂತು ಮುಗಾಜಾ ಶಿಳ್ಳೆ ಹಾಕುತ್ತ ಗಂಟು ಬಿಚ್ಚುವುದನ್ನು ಕೇಳಿಸಿಕೊಂಡ.

ಗುರುವಾರ ಗುಡ್ಡದ ಕಡೆಯಿಂದ ಗುಂಡಿನ ಸದ್ದು ಬಂತು, ಓಣಿ ಒಂದೇ ಗಂಟೆಯಲ್ಲಿ ಖಾಲಿಯಾಯಿತು. ವಿಲೊಂಜಾ ಒಲೆಯಲ್ಲಿ ತನ್ನ ರೇಡಿಯೊ ಗುರುತಿನ ಚೀಟಿಯನ್ನೂ ಮತದಾರರ ಚೀಟಿಯನ್ನೂ ಸುಟ್ಟು, ನೀರಿನ ಡ್ರಮ್ಮಿನ ಹಿಂದೆ ಅಡಗಿ ಕೂತ. ಊರಿಗೆ ನುಗ್ಗಿದ ಬಂಡುಕೋರರು ತನ್ನ ಹೆಸರು ಹಿಡಿದು ಕೇಳುತ್ತಾರೆ ಎಂದುಕೊಂಡಿದ್ದ. ಯಾರೂ ಕೇಳಲಿಲ್ಲ, ಅದೂ ಒಂದು ಬಗೆಯ ಅವಮಾನವೇ ಆಯಿತು. ಇವತ್ತು, ಶುಕ್ರವಾರ ಬೆಳಿಗ್ಗೆ, ಗಡಿಯ ಕಡೆ ನಡೆಯುತ್ತಿದ್ದಾಗ ಪೆಟ್ರೋಲ್ ಬಂಕಿನ ಆಚೆ ರಸ್ತೆಯಂಚಿನಲ್ಲಿ ಹಳದಿ ಮಡ್‌ಗಾರ್ಡ್ ಕಂಡಿತು. ಬೈಕು ಮಗ್ಗುಲಾಗಿ ಬಿದ್ದಿತ್ತು. ಪಕ್ಕದಲ್ಲಿ ಯಾರೋ ಪುಣ್ಯಾತ್ಮರು ಹೊದಿಸಿದ, ಹೆಂಗಸರು ಉಡುವ ಅಚ್ಚಿನ ಕಿಟೆಂಗೆ ಬಟ್ಟೆ, ನಾಲ್ಕು ಮೂಲೆಗೆ ನಾಲ್ಕು ಕಲ್ಲು. ನೋಡದೆ ಹೋಗಬಹುದಿತ್ತು. ಕಲ್ಲು ಸರಿಸಿ ಬಟ್ಟೆಯ ಮೂಲೆ ಎತ್ತಿದ. ಮುಗಾಜಾನ ಬಾಯಿ ಅರ್ಧ ತೆರೆದಿತ್ತು, ಏನೋ ಕುಚೋದ್ಯ ಮಾಡಲು ಹೊರಟವನ ಹಾಗೆ. ಯಾರ ಗುಂಡೋ, ಯಾವ ಕಡೆಯದೋ. ವಿಲೊಂಜಾ ಬಟ್ಟೆ ಮುಚ್ಚಿ, ಕಲ್ಲನ್ನು ಮತ್ತೆ ಅದರ ಜಾಗದಲ್ಲೇ ಇಟ್ಟ. ಹಿಡಿ ಮಣ್ಣು ಹಾಕಬೇಕೆಂದು ಬಗ್ಗಿದವನು ದೂರದಲ್ಲಿ ಲಾರಿಯ ಸದ್ದು ಕೇಳಿ ಎದ್ದು ನಡೆದ. ನೂರು ಗಜ ಹೋದ ಮೇಲೆ ಅದು ಬರಿಯ ತರಕಾರಿ ಲಾರಿ ಎಂದು ಗೊತ್ತಾಯಿತು. ಹಿಂದಿರುಗಲಿಲ್ಲ.

“ಏಯ್, ಗಲ್ಲ ಕಟ್ಟಿದೋನೆ. ನೀನೇ. ಈ ಕಡೆ ಬಾ.”

ಗೇಟಿನ ಬಳಿ ಬುರುಂಡಿಯ ಪೊಲೀಸರು ಗಂಡಸರನ್ನು ಬೇರೆ ಮಾಡುತ್ತಿದ್ದರು. ಸೋತು ಓಡಿಬಂದ ಸೈನಿಕರು ಸಮವಸ್ತ್ರ ಬಿಸಾಡಿ ಜನರ ನಡುವೆ ಸೇರಿಕೊಂಡಿದ್ದಾರೆಂದು ಸುದ್ದಿ. ಬಂಡುಕೋರರ ಕಡೆಯವರೂ ಹಾಗೆಯೇ ನುಸುಳುತ್ತಿದ್ದಾರೆಂದು ಇನ್ನೊಂದು ಸುದ್ದಿ. ಅನುಮಾನ ಬಂದವರನ್ನು ಮಾವಿನ ಮರದ ಕೆಳಗೆ ಕೂರಿಸಿದ್ದರು, ಅಲ್ಲಿಂದ ಅವರನ್ನು ಲಾರಿಯಲ್ಲಿ ತುಂಬಿ ಸೇತುವೆಯ ಆಚೆ, ಬಂದ ಕಡೆಗೇ, ಬಿಟ್ಟು ಬರುತ್ತಿದ್ದರು. ಹಾಗೆ ಹಿಂದಕ್ಕೆ ಹೋದವರ ಗತಿ ಏನೆಂದು ಯಾರೂ ಕೇಳುತ್ತಿರಲಿಲ್ಲ. ಮರದ ಕೆಳಗೆ ಒಂಬತ್ತು ಜನ ಕೂತಿದ್ದರು, ಲಾರಿಯ ಹಿಂಬಾಗಿಲು ತೆರೆದಿತ್ತು. ಪೊಲೀಸನೊಬ್ಬ ವಿಲೊಂಜಾನ ಅಂಗಿಯನ್ನು ಭುಜದಿಂದ ಕೆಳಗೆಳೆದ. ಬಲಭುಜದ ಮೇಲೆ ಎರಡು ಬೆರಳಗಲದ ಕಪ್ಪು ಗೆರೆ, ಚರ್ಮ ದಡ್ಡುಗಟ್ಟಿತ್ತು. “ಸಾರ್, ಇಲ್ಲಿ ನೋಡಿ, ಕೋವಿ ಪಟ್ಟಿಯ ಗುರುತು” ಎಂದು ಅವನು ಕೂಗಿದ. ಅದು ಧ್ವನಿಮುದ್ರಣ ಯಂತ್ರದ ಚೀಲದ ಪಟ್ಟಿ. ಹನ್ನೊಂದು ವರ್ಷ ಆ ಕಬ್ಬಿಣದಂಥ ಭಾರವನ್ನು ಅವನು ಮದುವೆಗೆ, ಸಾವಿಗೆ, ಮಂತ್ರಿಗಳ ಭಾಷಣಕ್ಕೆ ಹೊತ್ತು ತಿರುಗಿದ್ದ. ಫೈಡಾ ಆ ಗುರುತಿಗೆ ತಾಳೆಣ್ಣೆ ತಿಕ್ಕುವಾಗ, ‘ನಿನಗೆ ಊರು ಕೊಟ್ಟ ಪದಕ’ ಎನ್ನುತ್ತಿದ್ದಳು.

ಮೂಗಿನ ತುದಿಯಲ್ಲಿ ಕನ್ನಡಕವಿದ್ದ ಅಧಿಕಾರಿ ಬಂದ. “ಚೀಟಿ?” ವಿಲೊಂಜಾ ಬರಿಗೈ ತೋರಿಸಿದ. “ಯಾವ ದಳ? ನಿನ್ನ ಮೇಲಿನವನ್ಯಾರು?” ಅವನು ಗಲ್ಲದ ಬಟ್ಟೆ ಮುಟ್ಟಿ ತೋರಿಸಿದ. “ಹಲ್ಲುನೋವು. ಸರಿ. ಇವತ್ತು ಬೆಳಿಗ್ಗೆಯಿಂದ ನೀನು ನಾಲ್ಕನೇ ಹಲ್ಲುನೋವು. ಹೋಗಿ ಮರದ ಕೆಳಗೆ ಕೂತ್ಕೋ.” ಹಿಂದಿದ್ದ ಹೆಂಗಸು ತಡೆಯಲಾರದೆ, “ಪಾಪ ಸಾರ್, ನಿಜವಾಗ್ಲೂ ನೋವಿದೆ ಅವ್ರಿಗೆ, ಮುಖ ಹಿಂಡ್ತಾ ಇದ್ರು” ಎಂದಳು. ಪೊಲೀಸನು ತೋಳು ಹಿಡಿದು ಎಳೆದ. ವಿಲೊಂಜಾನ ಕಾಲುಗಳು ನೆಲಕ್ಕೆ ಕಚ್ಚಿಕೊಂಡವು. ಇಪ್ಪತ್ತು ಗಜದಾಚೆ ಗೇಟು, ಗೇಟಿನಾಚೆ ಗತುಂಬಾ. ಸುಮ್ಮನಿದ್ದರೆ ಲಾರಿ. ಬಾಯಿಬಿಟ್ಟರೆ ಈ ಜನ. ಬಿಸಿ ಬಾಣಲೆಯಿಂದ ಬೆಂಕಿಗೆ ಬಿದ್ದಂತೆ ಎಂಬ ಮಾತು ಕೂಡ ಇಲ್ಲಿ ಸುಳ್ಳು, ಯಾಕೆಂದರೆ ಯಾವುದು ಬಾಣಲೆ ಯಾವುದು ಬೆಂಕಿ ಎಂದು ಅವನಿಗೆ ತಿಳಿಯಲಿಲ್ಲ. ಮರದ ಕಡೆ ಎಳೆದುಕೊಂಡು ಹೋಗುವಾಗ ಲಾರಿಯ ಕಬ್ಬಿಣಕ್ಕೆ ಕೈ ತಾಗಿದ್ದೇ ಅವನು ನೆತ್ತಿಯ ಗಂಟನ್ನು ಕಿತ್ತ. “ನಾನು ಸೈನಿಕ ಅಲ್ಲ. ರೇಡಿಯೊದಲ್ಲಿ ಓದೋನು” ಎಂದ. ಎರಡು ದಿನದಿಂದ ಮಾತಾಡದ ಗಂಟಲಿನಿಂದ ಗೊಗ್ಗರು ದನಿ ಬಂತು.

ಅಧಿಕಾರಿ ಕನ್ನಡಕದ ಮೇಲಿನಿಂದ ನೋಡಿದ. “ಸರೋವರ ರೇಡಿಯೊ? ನಮ್ಮ ಮನೇಲೂ ಅದೇ ಹಾಕೋದು. ಅವನ ದನಿ ಹಿಂಗಿಲ್ಲ. ನೀನೇ ಅವನಾದ್ರೆ ಹೇಳು, ಬೆಳಿಗ್ಗೆ ಏನಂತಾನೆ ಅವನು?”

ವಿಲೊಂಜಾ ಕಣ್ಣು ಮುಚ್ಚಿದ. “ಸರೋವರದ ಎರಡೂ ದಡದ ಬಂಧುಗಳೇ, ಏಳಿ, ಬೆಳಗಾಯಿತು. ನಿಮ್ಮ ಮನೆಯಲ್ಲಿ ಎಲ್ಲರೂ ಎದ್ದಿದ್ದಾರೆಂದು ನಂಬಿದ್ದೇನೆ.”

ಗಂಟಲು ಮೋಸ ಮಾಡಲಿಲ್ಲ. ದನಿ ತುಂಬಿ, ದುಂಡಗೆ, ಬಿಸಿಲಿನ ಮೇಲೆ ಹರಡಿಕೊಂಡಿತು. ಅಳುತ್ತಿದ್ದ ಮಗು ಕೂಡ ಒಂದು ಗಳಿಗೆ ಸುಮ್ಮನಾಯಿತು. ಅಧಿಕಾರಿಯ ಮುಖ ಅರಳಿತು. “ಅಯ್ಯೋ ಮಾರಾಯ, ನೀನೇನಾ! ನಮ್ಮಮ್ಮ ನಿನ್ನ ದನಿ ಕೇಳ್ದೆ ಹಾಸಿಗೆಯಿಂದ ಏಳೋದೇ ಇಲ್ಲ. ಬಿಡ್ರೋ ಇವನನ್ನ. ಹೋಗಪ್ಪ, ಹೋಗು, ಗೇಟ್ ತೆಗೀರಿ.” ಆದರೆ ಸಾಲು ತಿರುಗಿತ್ತು. ಕೋಳಿಯವನು ಎರಡು ಹೆಜ್ಜೆ ಮುಂದೆ ಬಂದ. ಹಲ್ಲು ಉದುರಿಸುತ್ತಾನೆ ಎಂದು ವಿಲೊಂಜಾ ಕಾದ. ಹೊಡೆದಿದ್ದರೆ ಹಗುರಾಗುತ್ತಿತ್ತು. ಕೋಳಿಯವನು ಹೊಡೆಯಲಿಲ್ಲ, ಮೆಲ್ಲಗೆ ಕೇಳಿದ: “ಹೆಂಡ್ತಿ ಮಕ್ಕಳೆಲ್ಲಿ?” “ಆ ಕಡೆ.” “ಯಾವತ್ತು ಹೋದ್ರು?” ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು, ದುಂಡನೆಯ, ಸಿಹಿಯಾದ ಸುಳ್ಳು. “ಸೋಮವಾರ” ಎಂದ. ಯಾರೋ ಲೆಕ್ಕ ಹಾಕುವ ಹಾಗೆ, “ಸೋಮವಾರ, ಮಂಗಳವಾರ, ಬುಧವಾರ” ಎಂದರು. ಉಪ್ಪು ಇದ್ದಿದ್ದರೆ ಕೊಡುತ್ತಿದ್ದೆ ಎಂದಿದ್ದ ಹೆಂಗಸು ಅವನ ಮುಖವನ್ನೇ ನೋಡುತ್ತಿದ್ದವಳು ನೆಲಕ್ಕೆ ಬಿದ್ದ ಗಲ್ಲದ ಬಟ್ಟೆಯ ಮೇಲೆ ಉಗುಳಿದಳು.

ಗೇಟು ತೆರೆದಿತ್ತು. ಅವನು ಆ ಕಡೆಗೆ ಒಂದು ಹೆಜ್ಜೆ ಇಟ್ಟಿದ್ದ. ಆಗ ಜನರನ್ನು ಮೊಣಕೈಯಿಂದ ನೂಕುತ್ತ ಮುದುಕಿಯೊಬ್ಬಳು ಬಂದಳು. ಬೆನ್ನಲ್ಲಿ ಮೊಮ್ಮಗಳು ನಿದ್ದೆ ಹೋಗಿದ್ದಳು. ಮುಗಾಜನಮ್ಮ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಂತೋಷವಿತ್ತು, ಅದನ್ನು ನೋಡಲಾರದೆ ಅವನು ಕಣ್ಣು ತಪ್ಪಿಸಿದ. “ದೇವ್ರು ದೊಡ್ಡವ್ನು! ನಿನ್ನ ದನಿ ಕೇಳ್ತು ಕಣೋ, ಅಲ್ಲಿ ಹಿಂದೆ ನೀರಿನ ಟ್ಯಾಂಕ್ ಹತ್ರ ಕೂತಿದ್ದೆ. ನಿನ್ನೆಯಿಂದ ಕೂತಿದೀನಿ. ಮುಗಾಜಾ ನಮ್ಮನ್ನ ಸರೋವರದ ದಾರೀಲಿ ನಡಿಸ್ಬಿಟ್ಟು, ನಮ್ಮ ಓಣಿಯ ಕುಂಟ ಮೇಷ್ಟ್ರನ್ನ ಬೈಕಲ್ಲಿ ಕರ್ಕೊಂಡು ಬರ್ತೀನಿ, ಗೇಟ್ ಹತ್ರ ಇರು ಅಂದ. ಇಷ್ಟು ಜನದಲ್ಲಿ ನನ್ನ ಹೆಂಗೆ ಹುಡುಕ್ತಾನೆ ಹೇಳು. ನನ್ನ ಗಂಟಲು ಹೋಗಿದೆ. ನೀನು ಕರಿ.”

“ಅಮ್ಮಾ...”

“ಕರಿಯೋ. ನಿನ್ನ ಮಾತಿಗೆ ಉಳ್ಕೊಂಡ ಅವನು. ನಿನ್ನ ಮಾತು ಕೇಳಿದ್ರೆ ಬರ್ತಾನೆ.”

ಅವಳು ಚುಚ್ಚಿ ಹೇಳಿದ್ದಲ್ಲ, ಕೆಲಸದ ಮಾತು ಹೇಳಿದ್ದಳು. ವಿಲೊಂಜಾ ಜನರ ಕಡೆ ತಿರುಗಿ ಕರೆದ. “ಮುಗಾಜಾ! ಮುಲೊಂಗ್ವೆ ಬಡಾವಣೆಯ ಮುಗಾಜಾ ಎಲ್ಲಿದ್ದರೂ ಗೇಟಿನ ಬಳಿ ಬರಬೇಕು, ನಿನ್ನ ಅಮ್ಮ ಕಾಯುತ್ತಿದ್ದಾಳೆ.” ಜನ ಕತ್ತು ತಿರುಗಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಲಿನಲ್ಲಿದ್ದ ಬಾಡಿಗೆ ಬೈಕಿನ ಹುಡುಗರಿಬ್ಬರು ಹಿಂದಕ್ಕೆ ಓಡಿ ಹುಡುಕಿದರು. “ಇನ್ನೊಂದ್ಸಲ” ಎಂದಳು. ಅವನು ಇನ್ನೊಮ್ಮೆ ಕರೆದ. ಎಷ್ಟು ಚೆನ್ನಾಗಿ ಕರೆದನೆಂದರೆ ಮುಗಾಜಾ ಎಲ್ಲೋ ಇದ್ದಾನೆ ಎಂದು ಎಲ್ಲರಿಗೂ ಅನ್ನಿಸಿತು, ಮುದುಕಿ ಹಿಮ್ಮಡಿ ಎತ್ತಿ ನೋಡತೊಡಗಿದಳು. ಬುಧವಾರದ ದನಿಯೇ. ಅದೇ ಜೇನು. ಅದು ತನ್ನ ಬಾಯಿಂದ ಹೊರಡುವುದನ್ನು ಕೇಳಿಸಿಕೊಂಡು ವಿಲೊಂಜಾನಿಗೆ ತನ್ನ ಮೇಲೆ ಎಂಥ ಹೇಸಿಗೆಯಾಯಿತೆಂದರೆ, ಮೂರನೆಯ ಸಲ ಬಾಯಿ ತೆರೆದವನು ಹಾಗೆಯೇ ನಿಂತ.

“ಯಾಕೆ ನಿಲ್ಲಿಸ್ದೆ?”

“ಅವನು ಬರಲ್ಲಮ್ಮ” ಎಂದ. ದನಿ ಒಡೆದಿತ್ತು, ಪಕ್ಕದವರಿಗೂ ಸರಿಯಾಗಿ ಕೇಳಲಿಲ್ಲ. “ಪೆಟ್ರೋಲ್ ಬಂಕ್ ಆಚೆ. ಬೆಳಿಗ್ಗೆ ನೋಡಿದೆ. ಬಟ್ಟೆ ಎತ್ತಿ ಮುಖ ನೋಡಿದೆ. ಅವನೇ. ಮಣ್ಣು ಹಾಕ್ದೆ ಬಂದ್ಬಿಟ್ಟೆ, ಲಾರಿ ಬಂತು ಅಂತ ಹೆದರಿ ಬಂದ್ಬಿಟ್ಟೆ. ಅದು ಬರೀ ತರಕಾರಿ ಲಾರಿ. ಬುಧವಾರ ನನಗೆ ಗೊತ್ತಿತ್ತಮ್ಮ. ಸೈನಿಕರ ಹೆಂಡ್ತೀರು ಹಾಸಿಗೆ ಹೊತ್ಕೊಂಡು ಹೋಗ್ತಿದ್ದನ್ನ ನೋಡಿದ್ದೆ. ನೋಡಿ ಓದಿದೆ.”

ಮುದುಕಿ ಹಿಮ್ಮಡಿ ಇಳಿಸಿದಳು. ಬೆನ್ನಿನ ಮಗು ಜಾರಿದಂತಾಗಿ ಅದನ್ನು ಮೇಲಕ್ಕೆ ಕುಲುಕಿ ಬಟ್ಟೆಯ ಗಂಟು ಬಿಗಿ ಮಾಡಿಕೊಂಡಳು. ಆಮೇಲೆ, “ಹಂಗಾದ್ರೆ ಸರಿಯಾಗಿ ಹೇಳು” ಎಂದಳು. “ನಾಯಿ ಸತ್ತಂಗೆ ಹೇಳ್ಬೇಡ. ರೇಡಿಯೊದಲ್ಲಿ ಎಲ್ಲರಿಗೂ ಹೇಳ್ದಂಗೆ ನನ್ನ ಮಗನಿಗೂ ಹೇಳು.”

ಅವನು ಹೇಳಿದ. ಕೈಯಲ್ಲಿ ಕಾಗದವಿರಲಿಲ್ಲ. “ಪ್ರಕಟಣೆ. ಉವಿರಾದ ಮುಲೊಂಗ್ವೆ ಬಡಾವಣೆಯ...” ಎಂದು ಶುರುಮಾಡಿ ನಿಂತ. ಸಾವಿನ ಪ್ರಕಟಣೆಯಲ್ಲಿ ತಾಯಿಯ ಸ್ವಂತ ಹೆಸರು ಬರಬೇಕು. “ಅಮ್ಮಾ, ನಿಮ್ಮ ಹೆಸರು?” ಅವಳು ಸ್ವಲ್ಪ ಯೋಚಿಸಬೇಕಾಯಿತು. “ವೆನೆರಾಂಡಾ” ಎಂದಳು. “...ಮುಲೊಂಗ್ವೆ ಬಡಾವಣೆಯ ವೆನೆರಾಂಡಾ ಅವರು ತಮ್ಮ ಹಿರಿಯ ಮಗ, ಬೈಕ್ ಸವಾರ ಮುಗಾಜಾ ಗುರುವಾರ ತೀರಿಕೊಂಡ ಸುದ್ದಿಯನ್ನು ಅತ್ಯಂತ ದುಃಖದಿಂದ ತಿಳಿಸುತ್ತಾರೆ. ಸುದ್ದಿ ಮುಟ್ಟಬೇಕಾದವರು...” ಅವಳು ಒಬ್ಬೊಬ್ಬರದಾಗಿ ಹೇಳಿಕೊಟ್ಟಳು, ಅವನು ಕೂಗಿದ. ಬರಾಕಾದಲ್ಲಿರುವ ಚಿಕ್ಕಪ್ಪ. ಕಲೆಮಿಯ ದೋಣಿಯಲ್ಲಿ ಹೋದ ತಮ್ಮ, ಮುಟ್ಟಿದನೋ ಇಲ್ಲವೋ ಗೊತ್ತಿಲ್ಲ. ರುಮೊಂಗೆಯ ಶಿಬಿರದಲ್ಲಿರುವ ತಂಗಿ. ಇಪ್ಪತ್ತು ವರ್ಷದ ಹಿಂದಿನ ಯುದ್ಧದಲ್ಲಿ ಕಿಗೊಮಾಕ್ಕೆ ಓಡಿಹೋಗಿ ಅಲ್ಲೇ ನಿಂತ ದೊಡ್ಡಪ್ಪನ ಮಕ್ಕಳು. ಹೆಂಡತಿ, ಎಲ್ಲಿದ್ದಾಳೋ. ಒಬ್ಬ ಬೈಕ್ ಸವಾರನ ಸಾವಿಗೆ ಸರೋವರದ ಸುತ್ತ ಮೂರು ದೇಶ ಬೇಕಾಯಿತು. ಪೊಲೀಸರು ಟೋಪಿ ತೆಗೆದಿದ್ದರು. ಮಾವಿನ ಮರದ ಕೆಳಗಿನ ಒಂಬತ್ತು ಜನ ಎದ್ದು ನಿಂತಿದ್ದರು. ಕೊನೆಗೆ ಒಂದು ಸಾಲು ಉಳಿಯಿತು, ಪ್ರತಿ ಪ್ರಕಟಣೆಯ ಕೊನೆಗೂ ಬರುವ ಸಾಲು. “ಶೋಕಕ್ಕೆ ಕೂರುವ ಸ್ಥಳ...” ಎಂದು ಅವನು ಅವಳ ಮುಖ ನೋಡಿದ.

“ಇಲ್ಲೇ” ಎಂದಳು.

ರಸ್ತೆಯ ಮೇಲೆಯೇ ಕಾಲು ನೀಡಿ ಕೂತಳು, ತಲೆಯ ಬಟ್ಟೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ಉಪ್ಪಿನ ಹೆಂಗಸು ಗಂಟು ಇಳಿಸಿ ಅವಳ ಪಕ್ಕದಲ್ಲಿ ಕೂತಳು. ಕೋಳಿಯವನು ಕೂತ. ಹಿಂದೆ ಯಾಕೆ ಸಾಲು ನಿಂತಿತೆಂದು ಗೊತ್ತಿಲ್ಲದವರೂ ಸಾವೆಂದು ಕೇಳಿ ಕೂತರು. ಸಾವಿನ ಮನೆಯಲ್ಲಿ ಎಲ್ಲರಿಗಿಂತ ಮೊದಲು ನೆಲಕ್ಕೆ ಕೂರುವುದು ಪಕ್ಕದ ಮನೆಯವನು, ಅದು ಅವನ ಹಕ್ಕು, ಕರೆಯುವ ಮಾತೇ ಇಲ್ಲ. ವಿಲೊಂಜಾ ಮಂಡಿ ಬಗ್ಗಿಸಿದ. ಅಂಗೈ ಆಗಲೇ ಬಿಸಿ ಮಣ್ಣಿಗೆ ತಾಗಿತ್ತು.

“ನೀನು ಬೇಡ” ಎಂದಳು ವೆನೆರಾಂಡಾ. ದನಿಯಲ್ಲಿ ಏರಿಳಿತವೇ ಇರಲಿಲ್ಲ. “ನೀನು ಹೋಗು. ಫೈಡಾ ಕಾಯ್ತಿರ್ತಾಳೆ.”

ಅವನು ಎದ್ದ. ಸಾವಿರಾರು ಜನ ಕೂತಿದ್ದ ಆ ರಸ್ತೆಯಲ್ಲಿ ನಿಂತಿದ್ದವನು ಅವನೊಬ್ಬನೇ. ಗೇಟಿನವರೆಗೆ ಅವನಿಗೆ ದಾರಿ ಬಿಟ್ಟಿದ್ದರು.